ಹುಲಿಯ ಬಾಲ ಹೊಲಿದವರು

ಒಂದೆರಡು ಚಳಿಗಾಲದ ಹಿಂದಿನ ಮಾತು. ಶನಿವಾರ ಬೆಳಿಗ್ಗೆ ನಾಯಂಡಹಳ್ಳಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿದೆ. ಎದುರಿನ ಸೀಟಿನಲ್ಲಿ ಐದಾರು ಮಂದಿ ಕಾಲೇಜು ಮಕ್ಕಳು ಕೂತಿದ್ದರು. ಒಬ್ಬನ ತಲೆಯ ಮೇಲೆ ನೀಲಿ ಕೂದಲು, ಮತ್ತೊಬ್ಬನ ಬೆನ್ನಿಗೆ ಅವನಿಗಿಂತ ಉದ್ದದ ಕತ್ತಿ. ಒಬ್ಬ ಹುಡುಗಿ ಎದೆಯಿಂದ ಮೊಣಕಾಲಿನವರೆಗೆ ಬೆಳ್ಳಿ ಬಣ್ಣದ ಕವಚ ತೊಟ್ಟಿದ್ದಳು. ಬೋಗಿಯ ಜನವೆಲ್ಲ ಮೊಬೈಲು ಬಿಟ್ಟು ಅವರನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು:

"ಯಾವ ನಾಟಕ ಕಣಮ್ಮ?"

"ನಾಟಕ ಅಲ್ಲ ಅಜ್ಜಿ, ವೈಟ್‌ಫೀಲ್ಡಲ್ಲಿ ಕಾಮಿಕ್ ಕಾನ್ ಇದೆ. ನಮಗೆ ಇಷ್ಟವಾದ ಕತೆಯವರ ವೇಷ ಹಾಕ್ಕೊಂಡು ಹೋಗ್ತೀವಿ."

ಅಜ್ಜಿ ಆ ಕವಚವನ್ನು ಬೆರಳಿನಿಂದ ತಟ್ಟಿ ನೋಡಿದರು. ಅದು ಲೋಹವಲ್ಲ. ಯೋಗ ಮಾಡುವವರು ನೆಲಕ್ಕೆ ಹಾಸುವಂಥ ಚಾಪೆಯ ಫೋಮನ್ನು ಕತ್ತರಿಸಿ, ಬಿಸಿ ಮಾಡಿ, ಬಗ್ಗಿಸಿ, ಅಂಟಿಸಿ ಬಣ್ಣ ಹಚ್ಚಿದ್ದು. "ಯಾರು ಮಾಡಿಕೊಟ್ರು?" ಎಂದರು ಅಜ್ಜಿ. "ಕತ್ತರಿಸಿದ್ದು ನಾನು. ಒಳಗಡೆಯ ಬಟ್ಟೆ ಹೊಲಿದದ್ದು ನಮ್ಮಮ್ಮ," ಅಂದಳು ಹುಡುಗಿ.

ಆ ಅಜ್ಜಿಯ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ವೇಷ ಹಾಕಿದವರನ್ನು ಊರೆಲ್ಲ ನೋಡುತ್ತದೆ, ಆದರೆ ಅದನ್ನು ಮಾಡಿಕೊಟ್ಟವರು ಯಾರೆಂದು ಕೇಳುವವರು ಕಡಿಮೆ. ನಾನೂ ಕೇಳಿದವನಲ್ಲ. ಕೇಳಬೇಕಾದ ಹೊತ್ತಿನಲ್ಲಿ ಬೇರೆಯೇ ಏನನ್ನೋ ಹೇಳಿದವನು ನಾನು. ಆ ಸಂಗತಿಗೆ ಆಮೇಲೆ ಬರುತ್ತೇನೆ.

*

ತಮಗೆ ಪ್ರಿಯವಾದ ಪಾತ್ರದ ಉಡುಪನ್ನು ತಾವೇ ಮಾಡಿ ತೊಟ್ಟು ಹತ್ತು ಜನರ ನಡುವೆ ಓಡಾಡುವ ಈ ಹವ್ಯಾಸಕ್ಕೆ ಈಗ 'ಕಾಸ್‌ಪ್ಲೇ' ಎನ್ನುತ್ತಾರೆ. 1980ರ ದಶಕದಲ್ಲಿ ಜಪಾನಿನ ನೊಬುಯುಕಿ ತಕಾಹಶಿ ಎಂಬವರು ಚಾಲ್ತಿಗೆ ತಂದ ಪದ ಅದು. ಆದರೆ ಹವ್ಯಾಸ ಆ ಪದಕ್ಕಿಂತ ಹಳೆಯದು. ಅದರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1939ರ ಜುಲೈ ತಿಂಗಳಿನಿಂದ ಶುರು ಮಾಡುತ್ತಾರೆ. ಆ ತಿಂಗಳು ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕತೆಗಳ ಅಭಿಮಾನಿಗಳ ಮೊದಲ ವಿಶ್ವ ಸಮಾವೇಶ ನಡೆಯಿತು. ಅಲ್ಲಿಗೆ ಫಾರೆಸ್ಟ್ ಅಕರ್‌ಮನ್ ಎಂಬ ತರುಣ ಭವಿಷ್ಯ ಕಾಲದ ಮನುಷ್ಯನ ಉಡುಪು ತೊಟ್ಟು ಬಂದ. ಹಸಿರು ಮೇಲಂಗಿ, ಕಾಲಿಗೆ ಬೂಟು. ನೆರೆದವರಲ್ಲಿ ಹೀಗೆ ಬಂದವರು ಇಬ್ಬರೇ. ಎರಡನೆಯವರು ಅವನ ಗೆಳತಿ ಮರ್ಟಲ್ ಡಗ್ಲಸ್. ಗೆಳೆಯರ ಬಳಗದಲ್ಲಿ ಅವಳನ್ನು 'ಮೊರೊಜೊ' ಎಂದು ಕರೆಯುತ್ತಿದ್ದರು. 1936ರಲ್ಲಿ ಬಂದ ಒಂದು ಚಲನಚಿತ್ರವನ್ನೂ, ಫ್ರಾಂಕ್ ಪಾಲ್ ಎಂಬ ಕಲಾವಿದ ಅಗ್ಗದ ಕತೆ ಪತ್ರಿಕೆಗಳಿಗೆ ಬರೆದ ಬಣ್ಣದ ಚಿತ್ರಗಳನ್ನೂ ನೋಡಿ ಆ ಎರಡೂ ಉಡುಪುಗಳನ್ನು ಹೊಲಿದವಳು ಅವಳು. ಕಾಗದದ ಮೇಲಿನ ಚಿತ್ರವನ್ನು ಕಣ್ತುಂಬ ನೋಡಿ ಸಂತೋಷಪಟ್ಟು, ಆ ಸಂತೋಷಕ್ಕೆ ಸೂಜಿ ದಾರದಿಂದ ಮೈ ಕೊಟ್ಟ ಹೆಂಗಸು. ಆದರೆ ಬಹಳ ಕಾಲ ಜನರ ಬಾಯಲ್ಲಿ ಉಳಿದದ್ದು ಅಕರ್‌ಮನ್ನನ ಹೆಸರು. ಮೊರೊಜೊಳ ಹೆಸರನ್ನು ಹುಡುಕಿ ಎತ್ತಿ ಹಿಡಿಯಲು ಹಲವು ದಶಕಗಳೇ ಬೇಕಾದವು.

ಇದನ್ನು ಓದಿದಾಗ ನನಗೆ ಅಮೆರಿಕದ ಕತೆ ಓದಿದಂತೆ ಅನ್ನಿಸಲಿಲ್ಲ. ನಮ್ಮ ಓಣಿಯ ಕತೆ ಓದಿದ ಹಾಗಾಯಿತು. ಏಕೆಂದರೆ ನಮ್ಮಲ್ಲಿ ವೇಷದ ಅಭಿಮಾನಿಗಳು 1939ಕ್ಕೆ ಕಾದು ಕೂತವರಲ್ಲ.

*

ಹಳೇ ಮೈಸೂರು ಸೀಮೆಯಲ್ಲಿ ಮೊಹರಂಗೆ 'ಬಾಬಯ್ಯನ ಹಬ್ಬ' ಎಂಬ ಹೆಸರಿದೆ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ನೆನಪಿನ ಈ ದಿನಗಳನ್ನು ಇಲ್ಲಿಯ ಹಳ್ಳಿಯವರು ತಮ್ಮ ಊರಿನ ಹಿರಿಯನೊಬ್ಬ ತೀರಿಕೊಂಡ ದಿನಗಳಂತೆ ಆಚರಿಸಿಕೊಂಡು ಬಂದರು. ಪಂಜಾ ಕೂರಿಸುವುದು, ಕೊಂಡ ಹಾಯುವುದು, ಸಕ್ಕರೆ ಓದಿಸುವುದು, ಕಪ್ಪು ಬಿಳಿ ಕೆಂಪಿನ ಲಾಡಿಯನ್ನು ಕೊರಳಿಗೆ ಹಾಕಿಕೊಂಡು ಫಕೀರರಾಗುವುದು ಇವೆಲ್ಲ ಅದರ ಅಂಗಗಳು. ಉತ್ತರ ಕರ್ನಾಟಕದಲ್ಲಿ ಇದೇ ಅಲಾವಿ ಹಬ್ಬ. ಅಲ್ಲಿ ರಿವಾಯತ್ ಪದಗಳನ್ನು ಕನ್ನಡದಲ್ಲಿಯೇ ಕಟ್ಟಿ ಹಾಡುತ್ತಾರೆ. ಮುದಗಲ್ಲಿನ ಮೊಹರಂಗೆ ಜಾತಿ ಮತ ಎನ್ನದೆ ಸಾವಿರಾರು ಜನ ಸೇರುತ್ತಾರೆ. ಬೆಳಗಾವಿ ಜಿಲ್ಲೆ ಸವದತ್ತಿ ತಾಲೂಕಿನ ಹಿರೇಬಿದನೂರಿನಂಥ ಊರಿನಲ್ಲಿ ಮುಸಲ್ಮಾನರ ಒಂದು ಮನೆ ಇಲ್ಲದಿದ್ದರೂ ಹಬ್ಬ ನಡೆಯುತ್ತದೆ. ಕರ್ನಾಟಕದ ಮೊಹರಮ್ಮಿನ ಈ ಬಹುರೂಪವನ್ನು ರಹಮತ್ ತರೀಕೆರೆಯವರು ಊರೂರು ಸುತ್ತಿ ದಾಖಲಿಸಿದ್ದಾರೆ.

ಈ ಹಬ್ಬದ ಒಂದು ದೊಡ್ಡ ಆಕರ್ಷಣೆ ವೇಷ. ಹುಲಿ, ಕರಡಿ, ಫಕೀರ, ಮೈಗೆಲ್ಲ ಮಸಿ ಬಳಿದ ಅಚ್ಚೊಳ್ಳಿ ಬಿಚ್ಚೊಳ್ಳಿ. ಇವು ಎಷ್ಟು ಹಳೆಯವು ಎಂದರೆ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಖಾನೂನ್-ಎ-ಇಸ್ಲಾಂ' ಎಂಬ ಪುಸ್ತಕದಲ್ಲಿ ಇವುಗಳ ಪಟ್ಟಿಯೇ ಇದೆ. ಬರೆದವರು ಆಂಧ್ರದ ಏಲೂರಿನ ಜಾಫರ್ ಷರೀಫ್ (ರೈಲ್ವೆ ಮಂತ್ರಿಗಳಾಗಿದ್ದ ನಮ್ಮ ಜಾಫರ್ ಷರೀಫರಲ್ಲ, ಅವರಿಗಿಂತ ನೂರು ವರ್ಷ ಹಿಂದಿನವರು). ಮದರಾಸು ಸರಕಾರದ ವೈದ್ಯರಾಗಿದ್ದ ಹರ್ಕ್‌ಲಾಟ್ಸ್ ಎಂಬವರು ಅದನ್ನು ದಖನಿಯಿಂದ ಇಂಗ್ಲಿಷಿಗೆ ತಂದರು. ದಖನ್ನಿನ ಮುಸಲ್ಮಾನರ ಬದುಕನ್ನು ಹುಟ್ಟಿನಿಂದ ಸಾವಿನವರೆಗೆ ವಿವರಿಸುವ ಈ ಪುಸ್ತಕದ ಮೊಹರಂ ಅಧ್ಯಾಯದಲ್ಲಿ ವೇಷದ ಫಕೀರರ ದೊಡ್ಡ ದಂಡೇ ಬರುತ್ತದೆ. ಮೈಗೆ ಬಣ್ಣ ಬಳಿದುಕೊಂಡ ಹುಲಿ ಇದೆ, ಪ್ರೇಮದ ಹುಚ್ಚು ಹಿಡಿದ ಮಜ್ನೂ ಇದ್ದಾನೆ, ಜೋಗಿ ಇದ್ದಾನೆ, ನವಾಬ ಇದ್ದಾನೆ, ಮುದುಕ ಮುದುಕಿಯರ ಜೋಡಿ ಇದೆ, ಹಾಜಿ ಅಹಮಕ್ ಮತ್ತು ಹಾಜಿ ಬೇವಕೂಫ್ ಎಂಬ ಪೆದ್ದರ ಜೋಡಿಯೂ ಇದೆ. ಹಾಜಿಯನ್ನೂ ನವಾಬನನ್ನೂ ಬೀದಿಯಲ್ಲಿ ನಿಲ್ಲಿಸಿ ನಗುವ ಧೈರ್ಯ ಆ ಜನಕ್ಕೆ ಇತ್ತು ಎಂಬುದನ್ನು ಗಮನಿಸಬೇಕು.

ಹುಲಿಯೇ ಯಾಕೆ? ಹಜ್ರತ್ ಅಲಿಯವರಿಗೆ 'ಅಸದುಲ್ಲಾ' ಎಂಬ ಬಿರುದಿದೆ, ದೇವರ ಸಿಂಹ ಎಂದು ಅರ್ಥ. ಉರ್ದುವಿನಲ್ಲಿ ಅದು 'ಶೇರ್-ಎ-ಖುದಾ' ಆಯಿತು. ಶೇರ್ ಎಂದರೆ ನಮ್ಮ ಮನೆಮಾತಿನಲ್ಲಿ ಸಿಂಹವೂ ಹೌದು, ಹುಲಿಯೂ ಹೌದು. ಸಿಂಹವನ್ನು ಕಾಣದ, ಹುಲಿಯ ಗರ್ಜನೆಯನ್ನು ಹಿತ್ತಲಿನಲ್ಲಿಯೇ ಕೇಳಿದ ದಖನ್ನಿನ ಜನ ಯಾವುದನ್ನು ಆರಿಸಿಕೊಂಡಾರು ಎಂದು ಹೇಳಬೇಕಾಗಿಲ್ಲ. ಇನ್ನೊಂದು ಕತೆಯೂ ಇದೆ. ಕರ್ಬಲಾದ ಬಯಲಿನಲ್ಲಿ ಬಿದ್ದಿದ್ದ ಇಮಾಮರ ದೇಹವನ್ನು ಸಿಂಹವೊಂದು ಬಂದು ಕಾಯಿತಂತೆ. ಇರಾನಿನ ತಾಜಿಯಾ ಎಂಬ ಶೋಕನಾಟಕದಲ್ಲಿ ಇವತ್ತಿಗೂ ಒಬ್ಬ ಮನುಷ್ಯ ಸಿಂಹದ ಚರ್ಮ ಹೊದ್ದು ಬಂದು ಆ ದೇಹದ ಬಳಿ ಮಣ್ಣು ತೂರಿಕೊಂಡು ಅಳುತ್ತಾನೆ. ಅಲ್ಲಿ ವೇಷ ಹಾಕುವುದು ಗೋಳಾಡುವುದಕ್ಕೆ, ಮೆರೆಯುವುದಕ್ಕಲ್ಲ.

ನಾಯಂಡಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಹುಲಿ ಎಂದರೆ ಮತ್ತೊಂದು ನೆನಪೂ ಆಗುತ್ತದೆ. ನಮ್ಮ ಊರು ಇರುವುದೇ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸ್ತೆಯ ಮೇಲೆ. ಆ ಪಟ್ಟಣದ ಟಿಪ್ಪು ಸುಲ್ತಾನ್ ತನ್ನ ಸೈನಿಕರ ಅಂಗಿಗೆ ಹುಲಿಪಟ್ಟೆ ಅಚ್ಚು ಹಾಕಿಸಿದ್ದ. ಅದಕ್ಕೆ 'ಬಬ್ರಿ' ಎಂದು ಹೆಸರು, ಪಾರಸಿಯಲ್ಲಿ ಬಬ್ರ್ ಎಂದರೆ ಹುಲಿ. ಸಿಂಹಾಸನಕ್ಕೆ ಚಿನ್ನದ ಹುಲಿ ತಲೆಗಳು. ಗೋರಾ ಸಿಪಾಯಿಯ ಮೇಲೆ ಬಿದ್ದ ಮರದ ಹುಲಿ, 1793ರ ಸುಮಾರಿಗೆ ಮಾಡಿಸಿದ್ದು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಇವೆಲ್ಲಕ್ಕಿಂತ ನನಗೆ ಅಚ್ಚರಿ ಹುಟ್ಟಿಸಿದ್ದು ಅವನ ಆಯುಧಗಳ ಮೇಲಿರುವ ಒಂದು ಸಣ್ಣ ಚಿತ್ರ. ದೂರದಿಂದ ನೋಡಿದರೆ ಹುಲಿಯ ಮುಖ. ಹತ್ತಿರ ಹೋದರೆ ಅರಬ್ಬಿ ಅಕ್ಷರಗಳು: 'ಅಸದುಲ್ಲಾಹಿಲ್ ಗಾಲಿಬ್', ದೇವರ ಸಿಂಹವೇ ವಿಜಯಿ. ಜೀವಿಗಳ ಚಿತ್ರ ಬರೆಯಲು ಹಿಂಜರಿಯುವ ಒಂದು ಪರಂಪರೆಯಲ್ಲಿ ಕಲಾವಿದನೊಬ್ಬ ಅಕ್ಷರಗಳಿಂದಲೇ ಕಣ್ಣು, ಮೂಗು, ಮೀಸೆ ಬರೆದಿದ್ದಾನೆ. ಬರವಣಿಗೆಯೂ ಚಿತ್ರವೂ ಒಂದೇ ಆದ ಆ ಕೆಲಸ ಮಾಡಿದವನ ಹೆಸರೂ ನಮಗೆ ಉಳಿದಿಲ್ಲ.

*

ಕೈಕೆಲಸದ ವಿಷಯಕ್ಕೆ ಬಂದರೆ ಕರಾವಳಿಯ ಹುಲಿಗಳನ್ನು ನೋಡಬೇಕು. ಮಂಗಳೂರಿನ ದಸರಾ, ಉಡುಪಿಯ ಕೃಷ್ಣಾಷ್ಟಮಿ ಮತ್ತು ವಿಟ್ಲಪಿಂಡಿ ಹುಲಿವೇಷವಿಲ್ಲದೆ ನಡೆಯುವುದಿಲ್ಲ. ಬಣ್ಣ ಹಚ್ಚುವುದು ಗಂಟೆಗಟ್ಟಲೆಯ ಕೆಲಸ. ಮೈಕೂದಲು ಬೋಳಿಸಿ, ಮೊದಲು ತಳಬಣ್ಣ ಬಳಿದು, ಅದು ಒಣಗಿದ ಮೇಲೆ ಹಳದಿ, ಆಮೇಲೆ ಒಂದೊಂದೇ ಕಪ್ಪು ಪಟ್ಟೆ. ಬಣ್ಣ ಮೈಗೆ ಮೈ ತಾಗಿ ಕೆಡಬಾರದೆಂದು ವೇಷಧಾರಿ ಎರಡೂ ಕೈ ಚಾಚಿ ಕೋಲಿನ ಆಸರೆಯಲ್ಲಿ ನಿಂತೇ ಇರುತ್ತಾನೆ. ಗೋಡೆಗೆ ಹೊಡೆಯುವ ಎನಾಮೆಲ್ ಪೇಂಟ್ ಬಂದ ಮೇಲೆ ಉರಿ ಹೆಚ್ಚಾಯಿತು, ಹಬ್ಬ ಮುಗಿದ ಮೇಲೆ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯಬೇಕು. ತಲೆಗೆ ಕುರಿಯ ಉಣ್ಣೆಯ ಮುಡಿ, ಸೊಂಟಕ್ಕೆ ಬಾಲ, ಕಿವಿಗೆ ತಾಸೆಯ ಪೆಟ್ಟು. ತಾಸೆ ಎಂಬ ಆ ವಾದ್ಯದ ಹೆಸರು ಪಾರಸಿಯಿಂದ ಬಂದದ್ದು. ಬಣ್ಣ ಹಚ್ಚುವ ಮೊದಲು ನಡೆಯುವ ಪೂಜೆಗೆ ಅಲ್ಲಿ 'ಊದು' ಎನ್ನುತ್ತಾರೆ, ಲೋಬಾನದ ಹೊಗೆಯ ಊದು. ಊದುಬತ್ತಿಯ ಊದು ಕೂಡ ಅದೇ, ಅಗರು ಮರ ಎಂಬ ಅರ್ಥದ ಅರಬ್ಬಿ ಪದ. ಹಬ್ಬ ದೇವಿಯದು, ಪೂಜೆಯ ಹೆಸರು ಅರಬ್ಬಿಯದು. ಕುಣಿಯುವವನಿಗೆ ಇದರಲ್ಲಿ ಯಾವ ತೊಡಕೂ ಕಂಡಿಲ್ಲ.

ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದ ನನಗೆ ಇಂಥ ಪದಗಳು ಸಿಕ್ಕಾಗ ಹಳೆಯ ನೆಂಟರು ಸಿಕ್ಕಷ್ಟು ಖುಷಿ. ವೇಷಭೂಷಣದ ಕನ್ನಡವನ್ನು ಸುಮ್ಮನೆ ಎಣಿಸಿ ನೋಡಿ: ಪೋಷಾಕು, ರುಮಾಲು, ಜರಿ, ಕಿನ್ಖಾಪು, ಮಖಮಲ್ಲು, ಪರದೆ, ದರ್ಜಿ. ಯಕ್ಷಗಾನದವರು ಮುಖಕ್ಕೆ ಹಚ್ಚುವ ಬಿಳಿ ಬಣ್ಣ 'ಸಫೇತ', ಅದು ನಮ್ಮ ಸಫೇದ್. ಅದರ ಪಕ್ಕದಲ್ಲೇ ಅರದಾಳ, ಇಂಗಳೀಕ ಕೂತಿವೆ. ಬಣ್ಣದ ಪೆಟ್ಟಿಗೆಯಲ್ಲಿ ಈ ಪದಗಳು ಒಂದರ ಪಕ್ಕ ಒಂದು ಇಷ್ಟು ಶತಮಾನ ತಕರಾರಿಲ್ಲದೆ ಇದ್ದವು.

ಕಂಪನಿ ನಾಟಕಗಳ ಕಾಲದಲ್ಲಿ ಈ ಸಂಬಂಧ ರಂಗದ ಮೇಲೆಯೇ ಕಂಡಿತು. 1850ರ ದಶಕದಲ್ಲಿ ಲಖನೌದ ಅಮಾನತ್ ಬರೆದ ಉರ್ದು 'ಇಂದರ್ ಸಭಾ'ವನ್ನು ಪಾರ್ಸಿ ಕಂಪನಿಗಳು ಊರೂರಿಗೆ ಹೊತ್ತು ತಂದವು. ಅವುಗಳ ಬಣ್ಣದ ಪರದೆ, ಥಳಥಳಿಸುವ ಪೋಷಾಕು ನೋಡಿ ಕನ್ನಡದ ಕಂಪನಿಗಳೂ ಕಲಿತವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಮೈಸೂರಿನ ಮಹಮದ್ ಪೀರ್ ಕನ್ನಡ ರಂಗಭೂಮಿಯ ಮೇರು ನಟರಲ್ಲಿ ಒಬ್ಬರಾದರು. ನಾಟಕ ನೋಡಿ ಬಂದ ಹುಡುಗರು ಮಾರನೆಯ ದಿನ ರಟ್ಟಿನ ಕಿರೀಟಕ್ಕೆ ಬೇಗಡೆ ಅಂಟಿಸಿಕೊಂಡು ಕೇರಿಯಲ್ಲಿ ಅರ್ಜುನರಾಗುತ್ತಿದ್ದರು. ನಮ್ಮ ನಾಡಿನ ಮೊದಲ ವೇಷಾಭಿಮಾನಿಗಳು ಎಂದರೆ ಇಂಥವರೇ.

ಬೇಗಡೆ ಎಂದಾಗ ತಾಬೂತು ನೆನಪಾಗುತ್ತದೆ. ಬಿದಿರಿನ ದಬ್ಬೆ, ಬಣ್ಣದ ಕಾಗದ, ಅಭ್ರಕ, ಮೈದಾ ಅಂಟು, ಇಷ್ಟರಿಂದಲೇ ಇಮಾಮರ ಗೋರಿಯ ಮಾದರಿ ಏಳುತ್ತಿತ್ತು. ತಿಂಗಳುಗಟ್ಟಲೆ ಕತ್ತರಿಸಿ ಅಂಟಿಸಿದ್ದನ್ನು ಹತ್ತನೆಯ ದಿನ ನೀರಿಗೆ ಬಿಡಬೇಕು. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಟ್ರಿನಿಡಾಡಿಗೆ ಹೋದ ಹಿಂದೂಸ್ತಾನದವರು ಈ ಕೈಕಸುಬನ್ನೂ ಜೊತೆಗೆ ಒಯ್ದರು. ಅಲ್ಲಿ ಅದಕ್ಕೆ 'ಹೊಸೆ' ಎಂದು ಹೆಸರು, ಹುಸೇನ್ ಎಂಬುದರ ರೂಪ. ಹಿಂದೂ ಕೂಲಿಗಳೂ ಮುಸ್ಲಿಂ ಕೂಲಿಗಳೂ ಕೂಡಿ ಕಟ್ಟುತ್ತಿದ್ದರು. 1884ರ ಅಕ್ಟೋಬರ್ 30ರಂದು ಸಾನ್ ಫರ್ನಾಂಡೊ ಎಂಬಲ್ಲಿ ನಿಷೇಧವನ್ನು ಮೀರಿ ತಾಬೂತು ಹೊತ್ತು ಬಂದವರ ಮೇಲೆ ಬ್ರಿಟಿಷ್ ಆಡಳಿತ ಗುಂಡು ಹಾರಿಸಿತು, ಹಲವರು ಸತ್ತರು. ಬಣ್ಣದ ಕಾಗದದ ಗೋಪುರಕ್ಕೆ ಸರಕಾರ ಹೆದರಿತು ಎಂದರೆ ಆ ಕಾಗದದ ಹಿಂದೆ ಎಷ್ಟು ಜನರ ಕೈ ಇತ್ತೆಂದು ಊಹಿಸಬಹುದು.

*

ಈಗ ನಮ್ಮ ಮನೆಯ ಮಾತು. 1990ರಲ್ಲಿ ನನಗೆ ಒಂಬತ್ತು ಹತ್ತು ವರ್ಷ. ನಾಯಂಡಹಳ್ಳಿ ಆಗ ಅರ್ಧ ಹಳ್ಳಿ, ಅರ್ಧ ಪೇಟೆ. ವೃಷಭಾವತಿಯ ನೀರು ಆಗಲೇ ಕೆಟ್ಟಿತ್ತು, ಆದರೆ ದಂಡೆಯ ಮೇಲೆ ಆಡಲು ಜಾಗವಿತ್ತು. ಈಗ ಮೇಲ್ಸೇತುವೆ, ಮೆಟ್ರೊ, ಪ್ಲಾಸ್ಟಿಕ್ ಗುಜರಿಯ ಗೋದಾಮುಗಳು ಇರುವ ಕಡೆ ಆಗ ಬಯಲು ಕಾಣುತ್ತಿತ್ತು. ಓಣಿಗೊಂದು ಟಿವಿ. 1988ರಿಂದ 1990ರವರೆಗೆ 'ಮಹಾಭಾರತ' ಬಂತು. ಅದರ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ ಎಂದು ಗೊತ್ತಿಲ್ಲದೆಯೇ ನಮ್ಮ ಓಣಿಯ ಹುಡುಗರು ಬಿಸ್ಕತ್ತಿನ ಪೆಟ್ಟಿಗೆಯ ರಟ್ಟಿನಿಂದ ಕರ್ಣನ ಕವಚ ಮಾಡಿಕೊಂಡರು. 1990ರಲ್ಲಿಯೇ ಸಂಜಯ್ ಖಾನರ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಶುರುವಾಯಿತು. ಮರುದಿನದಿಂದ ಕರ್ಣರೆಲ್ಲ ಟಿಪ್ಪುಗಳಾದರು.

ನನಗೆ ಹುಲಿಪಟ್ಟೆಯ ಅಂಗಿ ಬೇಕಿತ್ತು. ನನ್ನ ಖಾಲಾ ಮಾಮುವಿನ ಹಳೆಯ ಬಿಳಿ ಅಂಗಿಯನ್ನು ಕತ್ತರಿಸಿ ಅಳತೆಗೆ ಹೊಲಿದು, ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದಳು. ಒಲೆಯ ಮಸಿಯನ್ನು ಗೋಂದಿನಲ್ಲಿ ಕಲಸಿ ಬೇವಿನ ಕಡ್ಡಿಯಿಂದ ಪಟ್ಟೆ ಎಳೆದಳು. ಪೇಟಕ್ಕೆ ಅವಳ ನಿಕಾಹ್ ದುಪಟ್ಟಾ. ಕತ್ತಿ ಮಾತ್ರ ನಾನೇ ಮಾಡಿದ್ದು, ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ. ಆ ಅಂಗಿ ತೊಟ್ಟು ಮೈಸೂರು ರಸ್ತೆಯ ಬದಿಯಲ್ಲಿ ನಿಂತಾಗ ಲಾರಿ ಡ್ರೈವರುಗಳು ಹಾರ್ನ್ ಹೊಡೆದು ಸಲಾಂ ಮಾಡಿದರು. ಆ ಸುಖ ಆಮೇಲೆ ನನ್ನ ಯಾವ ಕತೆ ಅಚ್ಚಾದಾಗಲೂ ಸಿಕ್ಕಿಲ್ಲ.

ಆ ಧಾರಾವಾಹಿಯ ಚಿತ್ರೀಕರಣದ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತಿದ್ದರು. ಅದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನಾವು ಟಿಪ್ಪುವಿನ ವೇಷ ಹಾಕಿ ಕುಣಿಯುವ ಒಂದು ವರ್ಷ ಮೊದಲೇ ಆ ವೇಷಗಳ ಲೋಕದಲ್ಲಿ ದುಡಿಯುತ್ತಿದ್ದ ಅಷ್ಟು ಜನ ಸುಟ್ಟುಹೋಗಿದ್ದರು. ನಾಯಕನ ಹೆಸರು ನಮಗೆ ಬಾಯಿಪಾಠವಾಗಿತ್ತು, ಸತ್ತವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಮಾಮುವಿನ ವಿಷಯ ಇನ್ನೂ ದೊಡ್ಡದು. ಅವರು ಬಾಬಯ್ಯನ ಹಬ್ಬದ ಹುಲಿ. ಚಿಕ್ಕಂದಿನಲ್ಲಿ ಅವರಿಗೆ ಟೈಫಾಯಿಡ್ ಆಗಿ ಬದುಕುವುದು ಅನುಮಾನವಾದಾಗ ನಮ್ಮ ನಾನಿ ಹರಕೆ ಹೊತ್ತಿದ್ದರು: ಹುಡುಗ ಉಳಿದರೆ ಏಳು ವರ್ಷ ಹುಲಿ ಮಾಡಿಸುತ್ತೇನೆ. ಏಳು ವರ್ಷ ಮುಗಿದ ಮೇಲೂ ಮಾಮು ಬಿಡಲಿಲ್ಲ. ಹಬ್ಬದ ಹತ್ತು ದಿನ ಬೀಡಿ ಮುಟ್ಟುತ್ತಿರಲಿಲ್ಲ, ಚಪ್ಪಲಿ ಹಾಕುತ್ತಿರಲಿಲ್ಲ. ಬಣ್ಣ ಬಿದ್ದ ಮೇಲೆ ಮಾತೂ ಕಡಿಮೆ. ಕೆಂಗೇರಿ, ಬಿಡದಿ ಕಡೆಯ ಹಳ್ಳಿಗಳಿಗೂ ಹೋಗಿ ಕುಣಿದು ಬರುತ್ತಿದ್ದರು. ಹಿಂದೂ ಹೆಂಗಸರು ಮಕ್ಕಳನ್ನು ತಂದು ಅವರ ಕಾಲಿನ ಬಳಿ ಮಲಗಿಸುತ್ತಿದ್ದರು, ಮಕ್ಕಳ ಹೆದರಿಕೆ ಹೋಗಲಿ ಎಂದು.

ನನಗೆ ಹದಿನೇಳು ವರ್ಷವಾದಾಗ ನಾನು ಬಹಳ ತಿಳಿದವನಾಗಿದ್ದೆ. ನಾಲ್ಕು ಪುಸ್ತಕ ಓದಿದ್ದೆ, ನಾಲ್ಕು ಭಾಷಣ ಕೇಳಿದ್ದೆ. ಒಂದು ಮೊಹರಮ್ಮಿನ ಹಿಂದಿನ ರಾತ್ರಿ ಮಾಮು ಬಣ್ಣ ಕಲಸುತ್ತಿದ್ದಾಗ ಎಲ್ಲರ ಎದುರಿಗೇ ಅಂದುಬಿಟ್ಟೆ: "ಮಾಮೂ, ಇದು ದೀನ್‌ನಲ್ಲಿ ಇಲ್ಲದ್ದು. ಇಮಾಮರು ಶಹೀದರಾದ ದಿನ ನೀವು ಬಾಲ ಕಟ್ಟಿಕೊಂಡು ಕುಣಿಯೋದು ನೋಡಿದರೆ ಜನ ನಗ್ತಾರೆ."

ಮಾಮು ಬೈಯಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿದರು. ಮತ್ತೆ ಎಂದೂ ತೆಗೆಯಲಿಲ್ಲ. ಉಣ್ಣೆಯ ಮುಡಿ ಇದ್ದ ಟ್ರಂಕು ಮುಂದಿನ ವರ್ಷ ಗುಜರಿಯವನ ಗಾಡಿ ಹತ್ತಿತು.

ಆ ರಾತ್ರಿ ನಾನಿ ನನ್ನನ್ನು ಕರೆದು ಒಂದು ಕತೆ ಹೇಳಿದರು. ಉರ್ದು ಬಲ್ಲವರು ಇದನ್ನು ಕೇಳಿರುತ್ತೀರಿ. ಔರಂಗಜೇಬನ ಎದುರು ಒಬ್ಬ ಬಹುರೂಪಿ ಬಂದ. ನನ್ನನ್ನು ಮೋಸಗೊಳಿಸಿದರೆ ಇನಾಮು ಕೊಡುತ್ತೇನೆ ಎಂದ ಬಾದಶಹ. ಕೆಲವು ಕಾಲದ ಮೇಲೆ ಒಬ್ಬ ದೊಡ್ಡ ಫಕೀರ ಗುಹೆಯಲ್ಲಿ ಇದ್ದಾನೆಂದು ಕೇಳಿ ಬಾದಶಹ ಅಲ್ಲಿಗೆ ಹೋಗಿ, ದೊಡ್ಡ ಜಹಗೀರನ್ನು ಕಾಲ ಬಳಿ ಇಟ್ಟ. ಫಕೀರ ಅದನ್ನು ಮುಟ್ಟಲಿಲ್ಲ. ಮಾರನೆಯ ದಿನ ಬಹುರೂಪಿ ದರ್ಬಾರಿಗೆ ಬಂದು, ಆ ಫಕೀರ ನಾನೇ, ನನ್ನ ಸಣ್ಣ ಇನಾಮು ಕೊಡಿ ಎಂದ. ಜಹಗೀರನ್ನೇ ಬಿಟ್ಟೆಯಲ್ಲ ಎಂದು ಬಾದಶಹ ಕೇಳಿದ. ಆಗ ಬಹುರೂಪಿ ಹೇಳಿದನಂತೆ, ಹುಜೂರ್, ನಿನ್ನೆ ನನ್ನ ಮೈಮೇಲೆ ಫಕೀರರ ವೇಷವಿತ್ತು. ಕೈ ಚಾಚಿದ್ದರೆ ಆ ವೇಷಕ್ಕೆ ಅವಮಾನವಾಗುತ್ತಿತ್ತು.

ನಾನಿ ಅದಕ್ಕೆ ಅರ್ಥ ಹೇಳಲಿಲ್ಲ. ನನಗೂ ಅಂದು ಆಗಲಿಲ್ಲ.

*

ನನ್ನ ಅಂದಿನ ಮಾತು ಪೂರ್ತಿ ತಪ್ಪು ಎಂದು ಈಗಲೂ ಹೇಳಲಾರೆ. ಮೊಹರಂ ಶೋಕದ ಕಾಲ. ಅದು ಕುಡಿತಕ್ಕೂ ಗದ್ದಲಕ್ಕೂ ನೆಪವಾದಾಗ ಬೇಸರಪಟ್ಟ ಹಿರಿಯರು ನಮ್ಮಲ್ಲಿ ಹಿಂದಿನಿಂದ ಇದ್ದಾರೆ, ಅವರ ಬೇಸರದಲ್ಲಿ ಪ್ರಾಮಾಣಿಕತೆ ಇದೆ. ಧರ್ಮವನ್ನು ಅದರ ಮೂಲದಲ್ಲಿ ತಿಳಿಯಬೇಕು ಎಂಬುದೂ ಸರಿ. ಆದರೆ ಮಾಮುವಿನ ಹತ್ತು ದಿನದ ನೇಮವನ್ನು, ನಾನಿಯ ಹರಕೆಯ ಹಿಂದಿದ್ದ ತಾಯಿಯ ಭಯವನ್ನು ನೋಡದೆ, ಬರೀ ಬಾಲವನ್ನು ನೋಡಿ ತೀರ್ಪು ಕೊಟ್ಟೆನಲ್ಲ, ಅದು ತಪ್ಪು. ಅದೇ ವರ್ಷಗಳಲ್ಲಿ ಆಚೆ ಕಡೆಯ ಹುಡುಗರಿಗೂ ಯಾರೋ ಹೇಳುತ್ತಿದ್ದರು, ಅದು ಅವರ ಹಬ್ಬ, ನಿಮಗೇಕೆ ಎಂದು. ಹೀಗೆ ಎರಡು ಕಡೆಯಿಂದಲೂ ಬಣ್ಣದ ಡಬ್ಬಿಗಳು ಮುಚ್ಚಿದವು. ಮುಚ್ಚಿದ ಮೇಲೆ ಒಬ್ಬರು ಇನ್ನೊಬ್ಬರ ಓಣಿಗೆ ಹೋಗಲು ಇದ್ದ ಕಾರಣಗಳಲ್ಲಿ ಒಂದು ಕಡಿಮೆಯಾಯಿತು.

ಮಾಮು ತೀರಿಕೊಂಡು ಹಲವು ವರ್ಷಗಳಾದವು. ಮೆಟ್ರೊದ ಆ ಹುಡುಗಿಯನ್ನು ಕಂಡ ಸಂಜೆ ನಾನು ಖಾಲಾಳ ಮನೆಗೆ ಹೋದೆ. ಈಗ ಅವಳಿಗೆ ಎಪ್ಪತ್ತು ದಾಟಿದೆ. "ಖಾಲಾ, ಮಾಮುವಿನ ಬಾಲ ಯಾರು ಹೊಲಿದದ್ದು?" ಎಂದು ಕೇಳಿದೆ. ಅವಳು ನಕ್ಕಳು. ಇಷ್ಟು ವರ್ಷದಲ್ಲಿ ಇದನ್ನು ಕೇಳಿದವನು ನೀನೇ ಮೊದಲು ಅಂದಳು. ಆಮೇಲೆ ಬೆರಳು ಮಡಿಚಿ ಹೇಳತೊಡಗಿದಳು.

ಬಾಲ ಹೊಲಿದದ್ದು ಅವಳು, ಮನೆಯ ಉಷಾ ಮಿಷನ್ನಿನಲ್ಲಿ. ಒಳಗೆ ತುಂಬಿದ್ದು ಬೂರುಗದ ಹತ್ತಿ, ಹಳೆಯ ದಿಂಬನ್ನು ಬಿಚ್ಚಿ ತೆಗೆದದ್ದು. ಬಾಲ ಜೋಲಬಾರದು ಎಂದು ಒಳಗೊಂದು ತಂತಿ, ಅದನ್ನು ಬಗ್ಗಿಸಿ ಕೊಟ್ಟವರು ಎದುರುಗಡೆಯ ಸೈಕಲ್ ಅಂಗಡಿಯವರು. ಮುಡಿಗೆ ಉಣ್ಣೆ ತಂದುಕೊಡುತ್ತಿದ್ದವರು ಕುರಿ ಸಾಕುವ ಒಬ್ಬ ಗೌಡರು. ಬೆನ್ನಿನ ಪಟ್ಟೆ ಬರೆಯುತ್ತಿದ್ದವರು?

"ಪಕ್ಕದ ಮನೆ ಅಕ್ಕ," ಅಂದಳು ಖಾಲಾ. "ಅವಳು ದಿನಾ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳಲ್ಲ, ಅವಳ ಕೈ ನಡುಗುತ್ತಿರಲಿಲ್ಲ. ಗಂಡಸಿನ ಮೈ ಮುಟ್ಟಬಾರದು ಅಂತ ದೂರದಿಂದಲೇ ಉದ್ದನೆ ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಬರೆಯೋಳು. ತಮ್ಮ ಅಂತ ಕರೆಯೋಳು ನಿಮ್ಮ ಮಾಮೂನ. ನೀನು ಅವತ್ತು ಮಾತಾಡಿದೆಯಲ್ಲ, ಮಾರನೆಯ ಬೆಳಿಗ್ಗೆ ಅವಳು ಕಡ್ಡಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಏನು ಹೇಳಬೇಕೋ ನನಗೆ ಗೊತ್ತಾಗಲಿಲ್ಲ."

ನಾನು ಮಾಮುವನ್ನು ನೋಯಿಸಿದೆ ಎಂದಷ್ಟೇ ಇಪ್ಪತ್ತೈದು ವರ್ಷ ಅಂದುಕೊಂಡಿದ್ದೆ. ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

*

ಇವತ್ತು ಶಾಲೆಯ ಛದ್ಮವೇಷ ಸ್ಪರ್ಧೆಗೆ ಬಾಡಿಗೆ ಅಂಗಡಿಯಲ್ಲಿ ಒಂದು ದಿನದ ಲೆಕ್ಕಕ್ಕೆ ಕೆಂಪೇಗೌಡನೂ ಸಿಗುತ್ತಾನೆ, ಒನಕೆ ಓಬವ್ವನೂ ಸಿಗುತ್ತಾಳೆ. ಹುಲಿಯ ಪಟ್ಟೆ ಅಚ್ಚಾದ ಸಿದ್ಧ ಉಡುಪು ಮನೆ ಬಾಗಿಲಿಗೇ ಬರುತ್ತದೆ. ಮಕ್ಕಳಿಗೆ ಅದೂ ಖುಷಿಯೇ, ಕೊಡುವ ತಂದೆ ತಾಯಿಯರನ್ನು ದೂರುವುದು ಬೇಡ. ಹಾಗಿದ್ದರೂ ಕಾಮಿಕ್ ಕಾನ್‌ಗೆ ಹೋಗುವ ಹುಡುಗ ಹುಡುಗಿಯರಲ್ಲಿ ಅನೇಕರು ಅಂಗಡಿಯ ಉಡುಪನ್ನು ಒಪ್ಪುವುದಿಲ್ಲ, ತಾವೇ ಮಾಡಿದ್ದರಲ್ಲಿ ಅವರಿಗೆ ಹೆಮ್ಮೆ. ಬೆಂಗಳೂರಿನಲ್ಲಿ 2012ರಿಂದ ನಡೆಯುತ್ತಿರುವ ಆ ಮೇಳವನ್ನು ನಮ್ಮಲ್ಲಿ ಕೆಲವರು ಪರದೇಶಿ ಹುಚ್ಚು ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪಲಾರೆ. ಫೋಮಿನ ಚೂರನ್ನು ಬಿಸಿ ಮಾಡಿ ಬಗ್ಗಿಸುವ ಆ ಬೆರಳುಗಳಿಗೂ ಕಡ್ಡಿಗೆ ಬಟ್ಟೆ ಸುತ್ತಿ ಹುಲಿಯ ಬೆನ್ನಿಗೆ ಪಟ್ಟೆ ಎಳೆದ ಬೆರಳುಗಳಿಗೂ ನಂಟು ಇದೆ. ಕಣ್ಣಿಗೆ ಹಿಡಿಸಿದ ಒಂದು ರೂಪವನ್ನು ಕೈಯಿಂದ ಮಾಡಿ ನೋಡುವ ಆಸೆ ಎರಡರಲ್ಲೂ ಒಂದೇ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಿಂದೆ ಹುಲಿಯೋ ಕರಡಿಯೋ ಫಕೀರನೋ ಆದವರು ಇದ್ದರೆ ಅವರ ಫೋಟೊ ಹುಡುಕಿ ಇಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿ ವೇಷ ಹಾಕಿದವರ ಹೆಸರಿನ ಜೊತೆಗೆ ಹೊಲಿದವರ, ಬಣ್ಣ ಬರೆದವರ, ಉಣ್ಣೆ ತಂದುಕೊಟ್ಟವರ ಹೆಸರನ್ನೂ ಬರೆದಿಡಿ. ಬಲ್ಲ ಹಿರಿಯರು ಇರುವಾಗಲೇ ಕೇಳಿ.

ಮಾಮುವಿನ ಫೋಟೊ ಒಂದೇ ಒಂದು ನಮ್ಮಲ್ಲಿ ಉಳಿದಿದೆ, ಕಪ್ಪು ಬಿಳುಪಿನದು. ಅದರ ಹಿಂದೆ ಆ ರಾತ್ರಿಯೇ ನಾನು ನಾಲ್ಕು ಹೆಸರು ಬರೆದೆ. ಎರಡನ್ನು ಉರ್ದುವಿನಲ್ಲಿ, ಎರಡನ್ನು ಕನ್ನಡದಲ್ಲಿ.